ತಿದ್ದುವ ಯಂತ್ರ, ಒಪ್ಪವಿಡುವ ಕೈ

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಕನ್ನಡಿಸಿದ ಕುಮಾರವ್ಯಾಸನು, ತಾನು ಕರಡು ಮಾಡಿಕೊಳ್ಳದೆಯೂ ಒಮ್ಮೆ ಬರೆದುದನ್ನು ಒರೆಸದೆಯೂ ಕಾವ್ಯವನ್ನು ರಚಿಸಿದುದಾಗಿ ಹೇಳಿಕೊಂಡಿದ್ದಾನೆ. ಆ ಹೆಮ್ಮೆ ಅವನಿಗೆ ಸಲ್ಲತಕ್ಕದ್ದು. ಆದರೆ ಅದು ಒಬ್ಬ ಮಹಾಕವಿಗೆ ಒಲಿದ ಸಿದ್ಧಿಯೇ ಹೊರತು ಬರೆಯುವವರೆಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಅವನ ಕಾವ್ಯವೂ ಓಲೆಯಿಂದ ಓಲೆಗೆ ಇಳಿದು ಬರುವಾಗ ಲಿಪಿಕಾರರ ಕೈಯಲ್ಲಿ ನೂರಾರು ಪಾಠಾಂತರಗಳನ್ನು ಪಡೆಯಿತು. ಮುಂದೆ ವಿದ್ವಾಂಸರು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಸರಿಯಾದ ಪಾಠ ಯಾವುದೆಂದು ಒರೆಹಚ್ಚಿ ನೋಡಬೇಕಾಯಿತು. ಬರೆಯುವ ಕೆಲಸ ಎಲ್ಲಿದೆಯೋ ಅಲ್ಲಿ ತಿದ್ದುವ ಕೆಲಸವೂ ಇರಲೇಬೇಕು. ಬರೆದವನ ತಪ್ಪು ಬರೆದವನ ಕಣ್ಣಿಗೆ ಬೀಳುವುದು ಅಪರೂಪ. ಅವನು ಓದುವುದು ತಾನು ಬರೆದುದನ್ನಲ್ಲ, ಬರೆಯಬೇಕೆಂದಿದ್ದುದನ್ನು.

ಈ ಸತ್ಯವನ್ನು ಗದಗ-ಬೆಟಗೇರಿಯ ಜನರಿಗೆ ಬೇರೆ ಯಾರೂ ತಿಳಿಸಿಕೊಡಬೇಕಾಗಿಲ್ಲ. ಮುದ್ರಣ ಕಾಶಿಯೆಂದು ಹೆಸರಾದ ಊರು ಇದು. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸುತ್ತಿದ್ದ ಕಾಲದಲ್ಲಿ, ಜೋಡಿಸಿದವನೇ ತನ್ನ ಪುಟವನ್ನು ತಿದ್ದಿ ಅಚ್ಚಿಗೆ ಕಳುಹಿಸುವ ಪದ್ಧತಿ ಇರಲಿಲ್ಲ. ಮೊದಲ ಕರಡಚ್ಚನ್ನು ಮತ್ತೊಬ್ಬನು ಮೂಲದೊಂದಿಗೆ ಹೋಲಿಸಿ ನೋಡುವನು. ಅಂಚಿನಲ್ಲಿ ಗುರುತು ಹಾಕುವನು. ತಿದ್ದಿದ ಮೇಲೆ ಎರಡನೆಯ ಕರಡಚ್ಚು ಗ್ರಂಥಕರ್ತನಿಗೆ ಹೋಗುವುದು. ಅವನು ಕೊನೆಯ ಬಾರಿ ಓದಿ, ಅಚ್ಚಾಗಲಿ ಎಂದು ಬರೆದು ಒಪ್ಪವಿಟ್ಟ ಮೇಲೆಯೇ ಯಂತ್ರದ ಚಕ್ರ ತಿರುಗುತ್ತಿತ್ತು. ಇಷ್ಟಾದರೂ ಪುಸ್ತಕದ ಕೊನೆಗೆ ತಪ್ಪು-ಒಪ್ಪುಗಳ ಪಟ್ಟಿಯೊಂದು ಸೇರುತ್ತಿತ್ತೆಂಬುದು ಮನುಷ್ಯನ ಕಣ್ಣಿನ ಮಿತಿಗೆ ಸಾಕ್ಷಿ.

ಇಂದು ಲೋಕದಲ್ಲಿ ಅತ್ಯಂತ ವಿಪುಲವಾಗಿ ನಡೆಯುತ್ತಿರುವ ಬರವಣಿಗೆಗಳಲ್ಲಿ ಗಣಕಯಂತ್ರಕ್ಕಾಗಿ ಬರೆಯುವ ಬರವಣಿಗೆಯೂ ಒಂದು. ಅದಕ್ಕೆ ಪ್ರೋಗ್ರಾಮು ಎಂದು ಹೆಸರು. ಆ ಬರವಣಿಗೆಯ ಸಾಲುಗಳಿಗೆ ಕೋಡ್ ಎಂದು ರೂಢಿ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೇಟು, ಪಡಿತರ ಚೀಟಿ, ಪಹಣಿ ಪತ್ರ, ಪರೀಕ್ಷೆಯ ಅಂಕಪಟ್ಟಿ ಇವೆಲ್ಲವೂ ಇಂದು ಇಂಥ ಸಾಲುಗಳನ್ನು ಆಧರಿಸಿ ನಿಂತಿವೆ. ಕಾವ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಛಂದಸ್ಸು ಕೆಡುತ್ತದೆ; ಇಲ್ಲಿ ಒಂದು ಚಿಹ್ನೆ ತಪ್ಪಿದರೆ ಒಬ್ಬ ರೈತನ ಹಣ ಇನ್ನೊಬ್ಬನ ಖಾತೆಗೆ ಹೋದೀತು. ಆದ್ದರಿಂದಲೇ ಒಬ್ಬನು ಬರೆದ ಕೋಡನ್ನು ಮತ್ತೊಬ್ಬನು ಸಾಲುಸಾಲಾಗಿ ಓದಿ, ದೋಷಗಳನ್ನು ತೋರಿಸಿ, ಒಪ್ಪಿಗೆಯಾದ ಮೇಲೆ ಮಾತ್ರ ಬಳಕೆಗೆ ಬಿಡುವ ಪದ್ಧತಿಯನ್ನು ಬಲ್ಲವರು ಬೆಳೆಸಿದರು. ಐ.ಬಿ.ಎಂ. ಸಂಸ್ಥೆಯ ಮೈಕೆಲ್ ಫೇಗನ್ ಎಂಬುವರು 1976ರಲ್ಲಿ ಇದಕ್ಕೊಂದು ಕ್ರಮಬದ್ಧ ವಿಧಾನವನ್ನು ಪ್ರಕಟಿಸಿದರು. ಇದೇ ಕೋಡ್ ಪರಿಶೀಲನೆ. ಅಚ್ಚುಕೂಟದ ಮಾತಿನಲ್ಲಿ ಹೇಳುವುದಾದರೆ ಕರಡಚ್ಚು ತಿದ್ದುವ ಕೆಲಸ.

ಈಗ ಈ ತಿದ್ದುವ ಪೀಠದಲ್ಲಿ ಯಂತ್ರವೇ ಬಂದು ಕುಳಿತಿದೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಎಂಬ ಸಹಾಯಕವು ಪ್ರಯೋಗಾರ್ಥವಾಗಿ ಹೊರಬಂದಿತು. ಬರೆಯುವವನು ಎರಡು ಸಾಲು ಬರೆದರೆ ಮುಂದಿನ ಹತ್ತು ಸಾಲುಗಳನ್ನು ತಾನೇ ಸೂಚಿಸುವುದು ಅದರ ಕೆಲಸವಾಗಿತ್ತು. ಅನಂತರದ ಕೆಲವೇ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಇಂಥ ಸಹಾಯಕಗಳು ಹಲವಾದವು. ಅವುಗಳಲ್ಲಿ ಕೆಲಸದ ವಿಭಾಗವೂ ಏರ್ಪಟ್ಟಿತು. ಒಂದು ಬರೆಯುತ್ತದೆ, ಒಂದು ಬರೆದುದನ್ನು ಓದಿ ಅಂಚಿನಲ್ಲಿ ಟಿಪ್ಪಣಿ ಹಾಕುತ್ತದೆ, ಒಂದು ಕಳ್ಳರು ನುಗ್ಗಬಹುದಾದ ಕಿಂಡಿಗಳನ್ನು ಹುಡುಕುತ್ತದೆ, ಇನ್ನೊಂದು ಪರೀಕ್ಷೆಗೆ ಬೇಕಾದ ಉದಾಹರಣೆಗಳನ್ನು ಕಟ್ಟಿಕೊಡುತ್ತದೆ. ಗೂಗಲ್ ಸಂಸ್ಥೆಯಲ್ಲಿ ಹೊಸದಾಗಿ ಬರೆಯಲಾಗುವ ಕೋಡಿನ ಕಾಲು ಭಾಗಕ್ಕಿಂತ ಹೆಚ್ಚು ಯಂತ್ರದಿಂದಲೇ ಹುಟ್ಟುತ್ತಿದೆಯೆಂದೂ, ಅದನ್ನು ಎಂಜಿನಿಯರರು ಪರಿಶೀಲಿಸಿ ಸ್ವೀಕರಿಸುತ್ತಾರೆಂದೂ ಅದರ ಮುಖ್ಯಸ್ಥ ಸುಂದರ ಪಿಚೈ ಅವರು 2024ರ ಅಕ್ಟೋಬರಿನಲ್ಲಿ ತಿಳಿಸಿದರು. ಆ ಮಾತಿನ ಉತ್ತರಾರ್ಧವನ್ನು ಮರೆಯಬಾರದು. ಬರೆದುದು ಯಂತ್ರವಾದರೂ ಪರಿಶೀಲಿಸಿ ಸ್ವೀಕರಿಸಿದುದು ಮನುಷ್ಯ.

ಇದು ಬೆಂಗಳೂರಿನ ಗಾಜಿನ ಮಹಡಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಗದಗ ಸೀಮೆಯವರು ಸುಮ್ಮನಿರುವಂತಿಲ್ಲ. ಗದಗಿನ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಹುಲಕೋಟಿಯ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜು ಇವುಗಳಲ್ಲಿ ಶಿರಹಟ್ಟಿ, ಮುಂಡರಗಿಗಳ ಹಳ್ಳಿಯ ಮಕ್ಕಳು ಓದುತ್ತಾರೆ. ಅವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಹೊಲದ ಆದಾಯದಲ್ಲಿ ಉಳಿಸಿ, ಸಾಲದಿದ್ದರೆ ಸಾಲ ಮಾಡಿ ಅವರನ್ನು ಓದಿಸುವ ತಂದೆತಾಯಿಗಳು, ಮಗನೋ ಮಗಳೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಒಂದು ಕೆಲಸದಲ್ಲಿ ನಿಂತಾರೆಂದು ನಂಬಿದ್ದಾರೆ. ಆ ಮಕ್ಕಳು ಕಲಿಯಬೇಕಾದ ವಿದ್ಯೆಯ ಮೊದಲ ಪಾಠವನ್ನೇ ಯಂತ್ರವು ಮಾಡಿಕೊಡುವ ಕಾಲ ಬಂದಾಗ, ಅದನ್ನು ಎಷ್ಟರ ಮಟ್ಟಿಗೆ ಒಪ್ಪಬೇಕು, ಎಲ್ಲಿ ತಡೆಯಬೇಕು ಎಂಬುದು ಈ ಸೀಮೆಯ ಪ್ರತಿಯೊಂದು ಶಾಲೆಯೂ ಯೋಚಿಸಬೇಕಾದ ಪ್ರಶ್ನೆ.

ಮೊದಲು ಯಂತ್ರದ ಗುಣವನ್ನೇ ಹೇಳುವುದು ನ್ಯಾಯ. ಮನುಷ್ಯನ ಕಣ್ಣು ದಣಿಯುತ್ತದೆ. ಮುನ್ನೂರನೆಯ ಸಾಲಿಗೆ ಬರುವ ಹೊತ್ತಿಗೆ ಮೂರನೆಯ ಸಾಲಿನ ಎಚ್ಚರ ಉಳಿದಿರುವುದಿಲ್ಲ. ಓಪನ್ ಎಸ್.ಎಸ್.ಎಲ್. ಎಂಬ ತಂತ್ರಾಂಶವು ಲೋಕದ ಅಸಂಖ್ಯ ಜಾಲತಾಣಗಳಲ್ಲಿ ಗುಟ್ಟಿನ ಮಾಹಿತಿಯನ್ನು ಕಾಯುವ ಬೀಗ. 2012ರ ಮಾರ್ಚಿನಲ್ಲಿ ಬಿಡುಗಡೆಯಾದ ಅದರ ಆವೃತ್ತಿಯಲ್ಲಿ, ಕೇಳಿದವನು ತಾನು ಕಳುಹಿಸಿದ್ದಕ್ಕಿಂತ ಹೆಚ್ಚನ್ನು ಕೇಳುತ್ತಿರುವನೇ ಎಂದು ಅಳೆದು ನೋಡುವ ಒಂದು ಪರೀಕ್ಷೆ ಬಿಟ್ಟುಹೋಗಿತ್ತು. ಬರೆದವನು ಒಬ್ಬ, ಪರಿಶೀಲಿಸಿದವನು ಇನ್ನೊಬ್ಬ. ಇಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ಎರಡು ವರ್ಷಗಳ ತರುವಾಯ, 2014ರ ಏಪ್ರಿಲಿನಲ್ಲಿ, ಹಾರ್ಟ್‌ಬ್ಲೀಡ್ ಎಂಬ ಹೆಸರಿನಿಂದ ಆ ದೋಷವು ಬಯಲಿಗೆ ಬಂದಾಗ ಜಗತ್ತಿನ ತಂತ್ರಜ್ಞರೆಲ್ಲ ತಮ್ಮ ಬೀಗಗಳನ್ನು ಬದಲಿಸಬೇಕಾಯಿತು. ದಣಿವರಿಯದ, ಬೇಸರಗೊಳ್ಳದ ಓದುಗನೊಬ್ಬನು ಮನುಷ್ಯನ ಪಕ್ಕದಲ್ಲಿ ಕುಳಿತು ಇಂಥ ಬಿಟ್ಟುಹೋದ ಸಂಗತಿಗಳನ್ನು ಎತ್ತಿ ತೋರಿಸುವುದಾದರೆ ಅದನ್ನು ಬೇಡವೆನ್ನುವುದು ಜಾಣತನವಲ್ಲ.

ಇನ್ನೊಂದು ಗುಣವು ಈ ಸೀಮೆಗೆ ವಿಶೇಷವಾಗಿ ಸಲ್ಲುವಂಥದು. ದೊಡ್ಡ ಊರಿನ ದೊಡ್ಡ ಸಂಸ್ಥೆಯಲ್ಲಿ ಹೊಸಬನ ಪಕ್ಕಕ್ಕೆ ಹತ್ತು ವರ್ಷ ಅನುಭವವಿರುವ ಹಿರಿಯನೊಬ್ಬನಿರುತ್ತಾನೆ, ಕೇಳಿದರೆ ಹೇಳುತ್ತಾನೆ. ಮುಂಡರಗಿಯ ಆಚೆ ತುಂಗಭದ್ರೆಯ ದಂಡೆಯ ಹಳ್ಳಿಯಲ್ಲಿ ರಜೆಯ ದಿನ ಕುಳಿತು ಪ್ರೋಗ್ರಾಮು ಬರೆಯುವ ವಿದ್ಯಾರ್ಥಿನಿಗೆ ಅಂಥ ಹಿರಿಯರು ಎಲ್ಲಿಂದ ದೊರೆಯಬೇಕು? ಅವಳ ಸಂದೇಹಕ್ಕೆ ನಡುರಾತ್ರಿಯಲ್ಲಿಯೂ ಉತ್ತರ ಹೇಳುವ, ಹತ್ತು ಸಲ ಕೇಳಿದರೂ ಮುಖ ಸಿಂಡರಿಸದ ಸಹಾಯಕವೊಂದು ದೊರೆತಿರುವುದು ಸಣ್ಣ ಲಾಭವಲ್ಲ. ಅದರಲ್ಲೂ ಈ ಯಂತ್ರಗಳು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರಿಸುತ್ತವೆ. ಆ ಕನ್ನಡದಲ್ಲಿ ಅಲ್ಲಲ್ಲಿ ವಿಭಕ್ತಿ ತಪ್ಪುವುದುಂಟು, ವಾಕ್ಯ ಇಂಗ್ಲಿಷಿನ ಜಾಡು ಹಿಡಿಯುವುದೂ ಉಂಟು. ಆದರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಾಲೇಜಿನಲ್ಲಿ ಇಂಗ್ಲಿಷಿನ ಗೋಡೆಗೆ ತಲೆ ತಾಗಿಸಿಕೊಂಡ ಮಕ್ಕಳಿಗೆ, ವಿಷಯ ಬೇರೆ ಭಾಷೆ ಬೇರೆ ಎಂಬ ಅರಿವನ್ನು ಅದು ಮೂಡಿಸಬಲ್ಲದು. ತಿಳಿಯದೆ ಇದ್ದುದು ವಿಷಯವಲ್ಲ, ಭಾಷೆ ಎಂದು ಗೊತ್ತಾದ ದಿನ ಅರ್ಧ ಭಯ ಕಳೆಯುತ್ತದೆ.

ಇಷ್ಟು ಗುಣವಿದ್ದ ಮೇಲೆ ದೋಷವನ್ನೂ ನೋಡಬೇಕು. ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಒಂದು ಅನುಭವವುಂಟು. ಏನೂ ಅರಿಯದ ಲಿಪಿಕಾರನಿಂದ ಆಗುವ ಕೇಡು ಅಲ್ಪ. ಅವನು ಕಂಡುದನ್ನು ಕಂಡಂತೆ ಬರೆಯುತ್ತಾನೆ, ತಪ್ಪಿದರೆ ಆ ತಪ್ಪು ಎದ್ದು ಕಾಣುತ್ತದೆ. ಅರ್ಧ ಬಲ್ಲ ಲಿಪಿಕಾರನಿಂದ ಆಗುವ ಕೇಡು ಹೆಚ್ಚು. ಅವನಿಗೆ ಮೂಲದ ಕಠಿನ ಶಬ್ದವು ತಪ್ಪಾಗಿ ತೋರುತ್ತದೆ, ಅದನ್ನು ತೆಗೆದು ತನಗೆ ರೂಢಿಯಲ್ಲಿರುವ ಸುಲಭ ಶಬ್ದವನ್ನು ಹಾಕುತ್ತಾನೆ, ಛಂದಸ್ಸನ್ನೂ ಸರಿಪಡಿಸಿಬಿಡುತ್ತಾನೆ. ಓದುವವನಿಗೆ ಎಲ್ಲವೂ ನಯವಾಗಿ ಕಾಣುತ್ತದೆ, ಕವಿಯ ಮಾತು ಮಾತ್ರ ಮಾಯವಾಗಿರುತ್ತದೆ. ಆದ್ದರಿಂದಲೇ ಎರಡು ಪಾಠಗಳು ಎದುರಾದಾಗ ಸುಲಭವಾದುದನ್ನು ಸಂಶಯದಿಂದ ನೋಡಬೇಕೆಂಬ ವಿವೇಕ ವಿದ್ವಾಂಸರಲ್ಲಿ ಬೆಳೆಯಿತು.

ಈ ಹೊಸ ಯಂತ್ರದ ಸ್ವಭಾವವೂ ಅರ್ಧ ಬಲ್ಲ ಲಿಪಿಕಾರನದೇ. ಅದು ಕೋಟ್ಯಂತರ ಸಾಲುಗಳನ್ನು ಓದಿ, ಯಾವ ಸಾಲಿನ ಮುಂದೆ ಯಾವ ಸಾಲು ಬರುವ ಸಂಭವ ಹೆಚ್ಚು ಎಂಬುದನ್ನು ಅರಗಿಸಿಕೊಂಡಿದೆ. ಅದರ ಒಲವು ರೂಢಿಯ ಕಡೆಗೆ. ಅಪರೂಪದ ಕಾರಣಕ್ಕಾಗಿ ಅಪರೂಪವಾಗಿ ಬರೆದ ಸಾಲನ್ನು ಅದು ತಪ್ಪೆಂದು ಗುರುತಿಸಬಹುದು. ರೂಢಿಯ ಸಾಲೊಂದು ಪ್ರಸ್ತುತ ಸಂದರ್ಭಕ್ಕೆ ಹೊಂದದಿದ್ದರೂ ಸರಿಯೆಂದು ಬಿಟ್ಟುಬಿಡಬಹುದು. ಕೆಲವೊಮ್ಮೆ ಲೋಕದಲ್ಲಿ ಇಲ್ಲವೇ ಇಲ್ಲದ ತಂತ್ರಾಂಶ ಭಂಡಾರವೊಂದರ ಹೆಸರನ್ನು ಹೇಳಿ ಅದನ್ನು ತಂದು ಜೋಡಿಸಿಕೊಳ್ಳಿರೆಂದು ಸೂಚಿಸುವುದೂ ಉಂಟು; ದುರ್ಜನನೊಬ್ಬನು ಅದೇ ಹೆಸರಿನಲ್ಲಿ ವಿಷ ಬೆರೆಸಿದ ಭಂಡಾರವನ್ನು ಮೊದಲೇ ಸಿದ್ಧಮಾಡಿ ಇಟ್ಟರೆ, ನಂಬಿದವನ ಮನೆಗೆ ಕಳ್ಳನು ಆಹ್ವಾನಿತನಾಗಿಯೇ ಬರುತ್ತಾನೆ. ಈ ತಪ್ಪುಗಳನ್ನು ಹೇಳುವಾಗಲೂ ಯಂತ್ರದ ಧ್ವನಿಯಲ್ಲಿ ಅಳುಕಿರುವುದಿಲ್ಲ. ಅಳುಕಿಲ್ಲದ ಮಾತನ್ನು ನಂಬುವುದು ಮನುಷ್ಯನ ಹಳೆಯ ದೌರ್ಬಲ್ಯ.

ಕರ್ಲ್ ಎಂಬ ಪ್ರಸಿದ್ಧ ತಂತ್ರಾಂಶವನ್ನು ದಶಕಗಳಿಂದ ಕಾಪಾಡಿಕೊಂಡು ಬಂದಿರುವ ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್ ಅವರ ಅನುಭವವು ಇಲ್ಲಿ ಎರಡು ಕಡೆಯನ್ನೂ ತೋರುತ್ತದೆ. ಯಂತ್ರದಿಂದ ಬರೆಯಿಸಿದ ಸುಳ್ಳು ದೋಷವರದಿಗಳು ರಾಶಿರಾಶಿಯಾಗಿ ಬಂದು, ಇಲ್ಲದ ತಪ್ಪನ್ನು ಹುಡುಕುವುದರಲ್ಲೇ ತಮ್ಮವರ ಹೊತ್ತು ವ್ಯರ್ಥವಾಗುತ್ತಿದೆಯೆಂದು ಅವರು 2025ರಲ್ಲಿ ಬಹಿರಂಗವಾಗಿ ಬೇಸರಪಟ್ಟರು. ಅದೇ ವರ್ಷ, ವಿಷಯ ಬಲ್ಲ ಸಂಶೋಧಕನೊಬ್ಬನು ಇಂಥ ಯಂತ್ರಗಳ ನೆರವಿನಿಂದಲೇ ಹುಡುಕಿ ಕಳುಹಿಸಿದ ದೋಷಗಳ ಪಟ್ಟಿಯನ್ನು ಅವರೇ ಮೆಚ್ಚಿಕೊಂಡರು. ಎರಡೂ ಕಡೆ ಇದ್ದುದು ಯಂತ್ರವೇ. ಭೇದವಿದ್ದುದು ಅದನ್ನು ಹಿಡಿದ ಕೈಯಲ್ಲಿ. ಒಬ್ಬನು ಯಂತ್ರ ಹೇಳಿದುದನ್ನು ಓದದೆ ಕಳುಹಿಸಿದನು, ಮತ್ತೊಬ್ಬನು ಓದಿ, ತೂಗಿ, ಜೊಳ್ಳನ್ನು ತೂರಿ ಕಾಳನ್ನು ಕಳುಹಿಸಿದನು.

ಶಬ್ದಶಾಸ್ತ್ರ ಬಲ್ಲವರಿಗೆ ಈ ವಿಷಯವನ್ನು ಮತ್ತೊಂದು ಬಗೆಯಿಂದಲೂ ತಿಳಿಸಬಹುದು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಸಂಸ್ಕೃತವನ್ನು ಬಿಗಿದ ಪಾಣಿನಿಯ ಪದ್ಧತಿಗೂ ಗಣಕ ಭಾಷೆಗಳ ವ್ಯಾಕರಣವನ್ನು ಬರೆಯುವ ಪದ್ಧತಿಗೂ ಹೋಲಿಕೆಯನ್ನು ಕಂಡ ಇಂಗರ್‌ಮನ್ ಎಂಬುವರು, ಬ್ಯಾಕಸ್ ಎಂಬ ವಿಜ್ಞಾನಿಯ ಹೆಸರಿನಲ್ಲಿದ್ದ ಆ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಸೂಚಿಸಿದ್ದರು. ಆದರೆ ವ್ಯಾಕರಣಶುದ್ಧಿ ಬೇರೆ, ಅರ್ಥಶುದ್ಧಿ ಬೇರೆ. ಬೆಂಕಿಯಿಂದ ಹೊಲಕ್ಕೆ ನೀರು ಹಾಯಿಸಿದನು ಎಂಬ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ, ಆಡಿದವನಿಗೆ ಲೋಕಜ್ಞಾನವಿಲ್ಲವಷ್ಟೇ. ಪ್ರೋಗ್ರಾಮಿನ ವ್ಯಾಕರಣದೋಷವನ್ನು ಹಿಡಿಯುವ ಯಂತ್ರಗಳು ಮೊದಲಿನಿಂದಲೂ ಇವೆ. ಪರಿಶೀಲಕನ ನಿಜವಾದ ಕೆಲಸವೆಂದರೆ, ಈ ಸಾಲು ಯಾರಿಗಾಗಿ, ಯಾವ ಪ್ರಯೋಜನಕ್ಕಾಗಿ ಎಂದು ಕೇಳುವುದು.

ಇದಕ್ಕೆ ದೃಷ್ಟಾಂತವಾಗಿ ಈ ಸೀಮೆಯ ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳಬಹುದು. ಶಾಲೆಯೊಂದರ ದಾಖಲಾತಿ ಪುಸ್ತಕವನ್ನು ಗಣಕಯಂತ್ರಕ್ಕೆ ಏರಿಸಲು ಒಬ್ಬ ಯುವಕನು ಪ್ರೋಗ್ರಾಮು ಬರೆದನೆಂದು ಭಾವಿಸಿದರೆ, ಊರಿನ ಹೆಸರಿಗೆ ಹತ್ತು ಅಕ್ಷರಗಳ ಸ್ಥಳ ಸಾಕೆಂದು ಅವನು ನಿರ್ಣಯಿಸುವುದು ಅಸಂಭವವಲ್ಲ. ಗಣಕಯಂತ್ರವು ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ಕನ್ನಡವನ್ನು ಎಣಿಸುವ ಕ್ರಮವೇ ಬೇರೆ. ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಒತ್ತಕ್ಷರ ಕೂಡುವೆಡೆಯ ವಿರಾಮಚಿಹ್ನೆಗೊಂದು ಹೀಗೆ ಪ್ರತ್ಯೇಕ ಸಂಖ್ಯೆಗಳನ್ನು ಕೊಡುತ್ತದೆ. ಗದಗ ಎಂಬುದು ಕಣ್ಣಿಗೂ ಮೂರು, ಯಂತ್ರಕ್ಕೂ 3. ಬೆಟಗೇರಿ ಕಣ್ಣಿಗೆ ನಾಲ್ಕು, ಯಂತ್ರಕ್ಕೆ 7. ಮುಂಡರಗಿ ನಾಲ್ಕು, ಯಂತ್ರಕ್ಕೆ 7. ಶಿರಹಟ್ಟಿ ನಾಲ್ಕು, ಯಂತ್ರಕ್ಕೆ 8. ಇಷ್ಟನ್ನು ಪರೀಕ್ಷಿಸಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲಕ್ಷ್ಮೇಶ್ವರವೂ ಓದುವ ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ ಅದರ ಎರಡನೆಯ ಅಕ್ಷರವೊಂದೇ ಯಂತ್ರದ ಲೆಕ್ಕದಲ್ಲಿ ಆರಾಗುತ್ತದೆ, ಒಟ್ಟು ಹೆಸರು 11 ಆಗುತ್ತದೆ. ಹತ್ತಕ್ಕೆ ಕತ್ತರಿಸಿದ ಪಟ್ಟಿಯಲ್ಲಿ ಊರು ಲಕ್ಷ್ಮೇಶ್ವ ಎಂದು ಕೊನೆಯ ಅಕ್ಷರ ಕಳೆದುಕೊಂಡು ನಿಲ್ಲುತ್ತದೆ. ಹೆಸರುಗಳು ಕನ್ನಡದಲ್ಲಿರುತ್ತವೆ ಎಂದು ತಿಳಿಸಿ ಕೇಳಿದರೆ ತಿದ್ದುವ ಯಂತ್ರವು ಈ ದೋಷವನ್ನು ತೋರಿಸಿಕೊಟ್ಟೀತು. ತಿಳಿಸದಿದ್ದರೆ, ಹತ್ತು ಎಂಬ ಮಿತಿ ಅದಕ್ಕೆ ಕೇವಲ ಒಂದು ಸಂಖ್ಯೆ. ಏನನ್ನು ತಿಳಿಸಬೇಕು, ಏನನ್ನು ಕೇಳಬೇಕು ಎಂಬುದು ಊರನ್ನೂ ಭಾಷೆಯನ್ನೂ ಬಲ್ಲವನಿಂದ ಬರಬೇಕು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಂಥ ಊರಿನ ಹೆಸರೇ ಕನ್ನಡದ ಪಟ್ಟಿಯಲ್ಲಿ ತುಂಡಾಗುವುದಾದರೆ, ಆ ದೋಷವನ್ನು ಗುರುತಿಸಬೇಕಾದವರು ಬೇರೆಡೆಯಿಂದ ಬರುವುದಿಲ್ಲ.

ಮತ್ತೊಂದು ಸಂಗತಿ. ಬರೆಯುವವನೂ ತಿದ್ದುವವನೂ ಒಬ್ಬನೇ ಆಗಬಾರದೆಂಬುದು ಲೆಕ್ಕಪತ್ರದ ಮೂಲನೀತಿ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದಾಯಿತು. ಒಬ್ಬರನ್ನೊಬ್ಬರು ನಂಬಿ ಕಟ್ಟಿದ ಸಂಸ್ಥೆಗಳು ಅವು. ಆದರೂ ಸಹಕಾರ ಸಂಘಗಳಲ್ಲಿ ಕೀರ್ದಿ ಬರೆಯುವವನೇ ಲೆಕ್ಕ ತಪಾಸಣೆ ಮಾಡುವ ಪದ್ಧತಿಯಿಲ್ಲ. ನಂಬಿಕೆಯನ್ನು ಉಳಿಸುವುದಕ್ಕಾಗಿಯೇ ತಪಾಸಣೆ. ಈಗ ಒಂದೇ ಯಂತ್ರವು ಬರೆದು, ಅದೇ ಯಂತ್ರವು ತಿದ್ದಿ, ಅದೇ ಯಂತ್ರವು ಸರಿಯೆಂದು ಮೊಹರು ಹಾಕುವ ಪರಿಪಾಠ ಬೆಳೆದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಬರೆಯುವಾಗ ಅದು ಯಾವುದನ್ನು ಮರೆಯಿತೋ ತಿದ್ದುವಾಗಲೂ ಅದನ್ನೇ ಮರೆಯುವ ಸಂಭವವಿದೆ.

ತಿದ್ದುವ ಯಂತ್ರವೇ ತಪ್ಪಿದಾಗ ಏನಾಗುತ್ತದೆಂಬುದಕ್ಕೆ 2024ರ ಜುಲೈ 19ರ ಘಟನೆ ಸಾಕ್ಷಿಯಾಗಿದೆ. ಗಣಕಯಂತ್ರಗಳ ಕಾವಲಿಗೆಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳುಹಿಸಿದ ಒಂದು ಸಣ್ಣ ಮಾಹಿತಿ ಕಡತದಿಂದ ಸುಮಾರು 85 ಲಕ್ಷ ಯಂತ್ರಗಳು ನಿಂತುಹೋದವು. ವಿಮಾನ ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ ಕೆಲಸ ಸ್ಥಗಿತಗೊಂಡಿತು. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದುಕೊಟ್ಟ ಪ್ರಸಂಗ ಒದಗಿತು. 20 ಅಂಶಗಳನ್ನು ನಿರೀಕ್ಷಿಸಿದಲ್ಲಿ 21ನೆಯದನ್ನು ಓದಲು ಹೋದುದು ಅನರ್ಥಕ್ಕೆ ಕಾರಣ. ಕಡತವನ್ನು ಮೊದಲೇ ಪರೀಕ್ಷಿಸಿ ಸರಿಯೆಂದು ಬಿಟ್ಟುಕೊಟ್ಟಿದ್ದುದು ಮತ್ತೊಂದು ಪ್ರೋಗ್ರಾಮು. ಆ ಪರೀಕ್ಷಕನಲ್ಲಿಯೇ ದೋಷವಿದ್ದಿತು. ಅಲ್ಲಿದ್ದುದು ಕೃತಕ ಬುದ್ಧಿಮತ್ತೆಯ ಸಹಾಯಕವಲ್ಲ, ಹಳೆಯ ಬಗೆಯ ಪರೀಕ್ಷಾ ಯಂತ್ರ. ಆದರೆ ಪಾಠವು ಎರಡಕ್ಕೂ ಒಂದೇ. ಮೊದಲು ಕೆಲವೇ ಯಂತ್ರಗಳಿಗೆ ಕಳುಹಿಸಿ ಫಲವನ್ನು ನೋಡಿ ಮುಂದುವರಿಯುವ ವಿವೇಕವನ್ನು ತೋರಿದ್ದರೆ ಕೇಡು ಅಲ್ಲಿಗೇ ನಿಲ್ಲುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪ್ರತಿಗಳ ಸಂಖ್ಯೆ ಹೆಚ್ಚಿದಂತೆ ಮೂಲಪ್ರತಿಯ ಶುದ್ಧಿಯ ಹೊಣೆಯೂ ಹೆಚ್ಚುತ್ತದೆ. ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದು ಗದಗ ಸೀಮೆಯ ಹೆಮ್ಮೆಯ ಸಂಗತಿ. ಸಾವಿರ ವರ್ಷಗಳ ಹಿಂದೆ ಆ ಸಾವಿರ ಪ್ರತಿಗಳನ್ನು ಬರೆದುದು ಅನೇಕ ಕೈಗಳು. ಒಂದು ಕೈ ತಪ್ಪಿದರೆ ಇನ್ನೊಂದು ಕೈಯ ಪ್ರತಿಯಲ್ಲಿ ಸರಿಯಾದ ಪಾಠ ಉಳಿಯುತ್ತಿತ್ತು. ಇಂದು ಯಂತ್ರವು ಕಲಿಸಿದ ಒಂದೇ ತಪ್ಪು, ಅದನ್ನು ಕೇಳಿದ ಸಾವಿರ ಊರುಗಳ ಸಾವಿರ ಯುವಕರ ಪ್ರೋಗ್ರಾಮುಗಳಲ್ಲಿ ಒಂದೇ ರೂಪದಲ್ಲಿ ನೆಲೆಸಬಹುದು. ಹೋಲಿಸಿ ನೋಡಲು ಭಿನ್ನ ಪ್ರತಿಯೇ ಇಲ್ಲದಂತಾದರೆ ಪಾಠಶುದ್ಧಿಗೆ ದಾರಿಯೇ ಇರುವುದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಚಿಂತೆ ಮತ್ತೊಂದಿದೆ. ಅಚ್ಚುಕೂಟದಲ್ಲಿ ಯಾವನೂ ಮೊದಲ ದಿನವೇ ಕರಡಚ್ಚು ತಿದ್ದುವ ಪಂಡಿತನಾಗುತ್ತಿರಲಿಲ್ಲ. ಬಿದ್ದ ಮೊಳೆಗಳನ್ನು ಆಯ್ದು ಅವುಗಳ ಮನೆಗಳಲ್ಲಿ ಹಾಕುವ ಹುಡುಗನು ಅಕ್ಷರವನ್ನು ತಲೆಕೆಳಗಾಗಿ ಓದಲು ಕಲಿಯುವನು. ಜೋಡಿಸುತ್ತ ಜೋಡಿಸುತ್ತ ಭಾಷೆ ಕಲಿಯುವನು. ತಪ್ಪು ಮಾಡಿ, ಬೈಸಿಕೊಂಡು, ತಿದ್ದಿ, ಹತ್ತು ವರ್ಷಗಳ ಮೇಲೆ ಇನ್ನೊಬ್ಬನನ್ನು ತಿದ್ದುವ ಯೋಗ್ಯತೆ ಪಡೆಯುವನು. ತಂತ್ರಾಂಶದ ಲೋಕದಲ್ಲಿಯೂ ಏಣಿ ಹಾಗೆಯೇ ಇದೆ. ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಬರೆಯುವುದು, ಸಣ್ಣ ದೋಷಗಳನ್ನು ಸರಿಪಡಿಸುವುದು, ಹಿರಿಯರ ಟಿಪ್ಪಣಿಗಳಿಂದ ಪಾಠ ಕಲಿಯುವುದು ಇವು ಕೆಳಗಿನ ಮೆಟ್ಟಿಲುಗಳು. ಯಂತ್ರವು ಇಂದು ಅತ್ಯಂತ ಚೆನ್ನಾಗಿ ಮಾಡುವುದು ಈ ಕೆಳಗಿನ ಮೆಟ್ಟಿಲಿನ ಕೆಲಸವನ್ನೇ. ಅಗ್ಗವಾಯಿತೆಂದು ಆ ಮೆಟ್ಟಿಲುಗಳನ್ನು ಕಿತ್ತರೆ, ಮೇಲಿನ ಮೆಟ್ಟಿಲಿನ ಪರಿಶೀಲಕನು ನಾಳೆ ಎಲ್ಲಿಂದ ಬರಬೇಕು? ಯಂತ್ರವನ್ನು ತಿದ್ದಬಲ್ಲ ಮನುಷ್ಯನನ್ನು ಯಂತ್ರವು ತಯಾರಿಸಿಕೊಡುವುದಿಲ್ಲ. ಏಣಿಯ ಕೆಳಗಿನ ಮೆಟ್ಟಿಲು ಕಿತ್ತುಹೋದಾಗ ಮೊದಲು ಕೆಳಗುಳಿಯುವವರು ನಗರದ ಸಿರಿವಂತರ ಮಕ್ಕಳಲ್ಲ. ಶಿರಹಟ್ಟಿಯ, ಮುಂಡರಗಿಯ, ಲಕ್ಷ್ಮೇಶ್ವರದ ಹಳ್ಳಿಗಳಿಂದ ಹೊರಟ ಮಕ್ಕಳು.

ಯಂತ್ರದಿಂದ ಕೆಲಸ ಬೇಗ ಮುಗಿಯುತ್ತದೆಂಬ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದು. ಎಂ.ಇ.ಟಿ.ಆರ್. ಎಂಬ ಅಮೆರಿಕದ ಸಂಶೋಧನ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 16 ಮಂದಿ ಅನುಭವಿಗಳು ತಮಗೆ ಚಿರಪರಿಚಿತವಾದ ತಂತ್ರಾಂಶಗಳಲ್ಲಿ 246 ಕೆಲಸಗಳನ್ನು ಮಾಡಿದರು. ಯಂತ್ರದ ನೆರವಿದ್ದಾಗ ಅವರಿಗೆ ಶೇಕಡಾ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು. ಆದರೆ ಶೇಕಡಾ 20ರಷ್ಟು ಹೊತ್ತು ಉಳಿಯಿತೆಂದೇ ಅವರು ನಂಬಿದ್ದರು. ಆ ವರ್ಷದ ಆರಂಭದ ಸಹಾಯಕಗಳಿಂದ ನಡೆದ ಪ್ರಯೋಗವದು. ಯಂತ್ರಗಳು ದಿನದಿನಕ್ಕೆ ಸುಧಾರಿಸುತ್ತಿವೆ, ಬೇರೆ ಕೆಲಸಗಳಲ್ಲಿ ಫಲ ಬೇರೆಯಾದೀತು. ಆದರೂ ಬಲ್ಲವರು ಸಹ ತಮ್ಮ ವೇಗವನ್ನು ತಾವೇ ತಪ್ಪಾಗಿ ಅಳೆದರೆಂಬ ಅಂಶ ಸಣ್ಣದಲ್ಲ. ಹಿರಿಯರೇ ಹೀಗೆ ಮೋಸಹೋಗುವುದಾದರೆ, ಇನ್ನೂ ಕಲಿಯುತ್ತಿರುವವನು ತಾನು ಕಲಿತೆನೆಂದು ಭ್ರಮಿಸುವುದು ಎಷ್ಟು ಸುಲಭ!

ಹೊಸ ಉಪಕರಣ ಬಂದಾಗಲೆಲ್ಲ ಹಳಬರು ಹೀಗೆಯೇ ಹೆದರಿಸುತ್ತಾರೆಂದು ಯುವಕರು ಹೇಳಬಹುದು. ಮುದ್ರಣ ಬಂದಾಗ ಲಿಪಿಕಾರನು ಬಡವಾದನು. ಗಣಕಯಂತ್ರ ಬಂದಾಗ ಮೊಳೆ ಜೋಡಿಸುವವನು ಕೆಲಸ ಬಿಟ್ಟನು. ಲೋಕ ಮುಳುಗಲಿಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ಸತ್ಯಾಂಶವಿದೆ. ಆದರೆ ಮೊಳೆ ಹೋದರೂ ಕರಡಚ್ಚು ತಿದ್ದುವವನು ಉಳಿದನೆಂಬುದನ್ನು ಗಮನಿಸಬೇಕು. ಉಪಕರಣ ಬದಲಾಯಿತು, ಓದಿ, ತೂಗಿ, ಒಪ್ಪುವ ವಿವೇಕದ ಅಗತ್ಯ ಬದಲಾಗಲಿಲ್ಲ. ಹಿಂದಿನ ಉಪಕರಣಗಳು ಕೈಯ ಶ್ರಮವನ್ನು ಕಡಿಮೆ ಮಾಡಿದವು. ಇದು ತೀರ್ಮಾನದ ಶ್ರಮವನ್ನೇ ತಾನು ಹೊರುವೆನೆಂದು ಮುಂದೆ ಬರುತ್ತಿದೆ. ಹೊರೆಯನ್ನು ಕೊಡಬಹುದು, ಹೊಣೆಯನ್ನು ಕೊಡಲಾಗದು. ರೈತನ ಹಣ ತಪ್ಪಿದ ಖಾತೆಗೆ ಹೋದ ದಿನ ನ್ಯಾಯಾಧೀಶನ ಎದುರು ನಿಂತು ಉತ್ತರ ಹೇಳುವುದು ಯಂತ್ರವಲ್ಲ.

ಆದ್ದರಿಂದ ಈ ಸೀಮೆಯ ಶಾಲೆ-ಕಾಲೇಜುಗಳು ಯಂತ್ರವನ್ನು ಬಾಗಿಲಲ್ಲಿ ತಡೆಯುವುದೂ ಬೇಡ, ಗುರುಪೀಠದಲ್ಲಿ ಕೂರಿಸುವುದೂ ಬೇಡ. ಪ್ರೋಗ್ರಾಮು ಬರೆಯಲು ಕಲಿಯುವ ಮೊದಲ ವರ್ಷದಲ್ಲಿ ವಿದ್ಯಾರ್ಥಿಯು ಕಾಗದದ ಮೇಲೆ ತನ್ನ ಕೈಯಿಂದ ಬರೆಯಲಿ. ಬರೆದುದನ್ನು ಜೊತೆಯವನು ಗಟ್ಟಿಯಾಗಿ ಓದಿ ಪ್ರತಿಯೊಂದು ಸಾಲಿನ ಅರ್ಥ ಹೇಳಲಿ. ಅಮರಕೋಶವನ್ನೂ ಮಗ್ಗಿಯನ್ನೂ ಬಾಯಿಪಾಠ ಮಾಡಿಸಿದ ಹಿರಿಯರು ಮೂಢರಾಗಿರಲಿಲ್ಲ. ಒಳಗೆ ಇದ್ದುದು ಮಾತ್ರ ಹೊರಗಿನದನ್ನು ಅಳೆಯುವ ಕೋಲಾಗುತ್ತದೆಂದು ಅವರು ಬಲ್ಲರು. ಎರಡನೆಯ ಹಂತದಲ್ಲಿ ಯಂತ್ರವನ್ನು ತಿದ್ದುವ ಸಹಾಯಕವಾಗಿ ಕರೆಯಲಿ. ಆದರೆ ಅದು ತೋರಿದ ಪ್ರತಿಯೊಂದು ತಪ್ಪಿಗೂ, ಇದು ನಿಜವಾಗಿ ತಪ್ಪೇ, ಏಕೆ ತಪ್ಪು ಎಂದು ವಿದ್ಯಾರ್ಥಿಯು ತನ್ನ ಮಾತಿನಲ್ಲಿ ಬರೆದು ತೋರಿಸಲಿ. ಆ ಮಾತು ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು. ಕಂಠಪಾಠ ಮಾಡಿದ ಇಂಗ್ಲಿಷಿನ ಮರೆಯಲ್ಲಿ ಅಜ್ಞಾನವು ಅಡಗುವಷ್ಟು ಸುಲಭವಾಗಿ ತಾಯ್ನುಡಿಯಲ್ಲಿ ಅಡಗಲಾರದು. ಬರೆದ ಯಂತ್ರವೇ ತಿದ್ದದಿರಲಿ. ಕೊನೆಯ ಒಪ್ಪವನ್ನು ಹೆಸರುಳ್ಳ ಒಬ್ಬ ಮನುಷ್ಯನೇ ಹಾಕಲಿ. ಅಧ್ಯಾಪಕರು ಅಂಕ ಕೊಡುವಾಗ ಬರೆದ ಪ್ರೋಗ್ರಾಮಿಗಿಂತ ತಿದ್ದಿದ ವಿವೇಕಕ್ಕೆ ಹೆಚ್ಚು ಬೆಲೆ ಕೊಡಲಿ. ಬರೆಯುವ ಯಂತ್ರ ಎಲ್ಲರ ಮನೆಯಲ್ಲಿರುವ ಕಾಲದಲ್ಲಿ ತಪ್ಪನ್ನು ಗುರುತಿಸಬಲ್ಲ ಕಣ್ಣಿಗೇ ಬೆಲೆ ಹೆಚ್ಚುವುದು. ಆ ಕಣ್ಣನ್ನು ಕೊಡುವುದು ದುಬಾರಿ ಯಂತ್ರವಲ್ಲ, ತಾಳ್ಮೆಯ ಓದು. ಅದು ಹಳ್ಳಿಯ ಶಾಲೆಗೂ ಸಾಧ್ಯ.

ಕುಮಾರವ್ಯಾಸನಂತೆ ಒರೆಸದೆ ಬರೆಯುವ ಶಕ್ತಿ ಎಲ್ಲರಿಗೂ ಬಾರದು, ಯಂತ್ರಕ್ಕೂ ಬಂದಿಲ್ಲ. ಉಳಿದವರಿಗೆಲ್ಲ ಹಲಗೆ ಬೇಕು, ಒರೆಸುವ ಬಟ್ಟೆ ಬೇಕು, ತಪ್ಪನ್ನು ತೋರುವ ಮತ್ತೊಬ್ಬ ಬೇಕು. ಆ ಮತ್ತೊಬ್ಬನ ಸ್ಥಾನದಲ್ಲಿ ಯಂತ್ರವೂ ಒಂದು ಕಡೆ ಕುಳಿತುಕೊಳ್ಳಲಿ. ಅದರ ಟಿಪ್ಪಣಿಗೆ ಗೌರವವೂ ಸಲ್ಲಲಿ. ಆದರೆ ಕೊನೆಯ ಕರಡಚ್ಚನ್ನು ಕೈಯಲ್ಲಿ ಹಿಡಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಅಚ್ಚಾಗಲಿ ಎಂದು ಬರೆದು ತನ್ನ ಹೆಸರನ್ನು ಹಾಕುವ ಮನುಷ್ಯನೊಬ್ಬನು ಇರಲೇಬೇಕು. ಆ ಹೆಸರು ಮುಂಡರಗಿಯ ಹಳ್ಳಿಯ ಮಗಳದೋ ಶಿರಹಟ್ಟಿಯ ಮಗನದೋ ಆಗುವಂತೆ ಮಕ್ಕಳನ್ನು ಸಿದ್ಧಗೊಳಿಸುವುದು ಶಾಲೆಯ ಧರ್ಮ. ಮುದ್ರಣ ಕಾಶಿಯ ಪರಿಸರದಲ್ಲಿ ಬೆಳೆದ ಮಕ್ಕಳಿಗೆ ತಿದ್ದುವ ವಿದ್ಯೆ ಪರಕೀಯವಾಗಬೇಕಾಗಿಲ್ಲ.